ಮಾವನವರ ಒಂದೇ ಪ್ರತಿ

ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದ ಟೈಪಿಸ್ಟ್ ಕಂಪ್ಯೂಟರಿನ ಗುಂಡಿ ಒತ್ತಿದ. ಅದು ಒಂದು ಸಲ ಗುರ್ರೆಂದಿತು, ಪರದೆ ಕಪ್ಪಾಯಿತು, ಆ ಕಪ್ಪಿನ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿ ನಿಂತುಬಿಟ್ಟಿತು. ಬೂಟ್ ಆಗಲು, ಅಂದರೆ ಎದ್ದು ಕೂರಲು, ಬೇಕಾದದ್ದು ಸಿಗುತ್ತಿಲ್ಲ, ಯಾವುದಾದರೂ ಕೀಲಿ ಒತ್ತಿ ಎಂಬುದು ಅದರ ತಾತ್ಪರ್ಯ. ಅವನು ಒಂದು ಕೀಲಿ ಒತ್ತಿದ. ಅದೇ ಸಾಲು ಮತ್ತೊಮ್ಮೆ ಬಂತು. ಕೀಲಿಮಣೆಯ ಅಷ್ಟೂ ಕೀಲಿಗಳನ್ನು ಒತ್ತಿ ಮುಗಿಸುವ ಹೊತ್ತಿಗೆ ಪರದೆಯ ತುಂಬ ಅದೇ ಸಾಲು, ತಲೆಯಿಂದ ಇಳಿಯುತ್ತಿದ್ದ ನೀರು ಬೆನ್ನಿಗೆ ಬಂದಿತ್ತು.

ಬೇರೆ ದಿನವಾಗಿದ್ದರೆ ಅವನು ಒಳಗೊಳಗೇ ಸಂತೋಷಪಡುತ್ತಿದ್ದ. ಆದರೆ ಅಂದು ಸಂಜೆ ಪ್ರೆಸ್ಸಿನವರು ಬಂದು ಮಾವನವರ ಆತ್ಮಕಥೆಯನ್ನು ಒಯ್ಯುವವರಿದ್ದರು. ಆ ಆತ್ಮಕಥೆ ಇದ್ದದ್ದು ಈ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

ಮಾವನವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರು. ಒಂದು ಕಾಲಕ್ಕೆ ಅವರ ಚಪ್ಪಲಿ ಸದ್ದು ಕೇಳಿದರೆ ಅಂಗಡಿ ಬೀದಿಯ ತಕ್ಕಡಿಗಳೆಲ್ಲ ತಾವಾಗಿಯೇ ಸರಿಹೋಗುತ್ತಿದ್ದವಂತೆ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದರು. ಅಳಿಯ ಆಫೀಸಿನಲ್ಲಿ ಟೈಪಿಸ್ಟ್. ಇಂಥ ಮಾವನಿಗೆ ಇಂಥ ಅಳಿಯ ಸಿಕ್ಕಿದ್ದನ್ನು ಯೋಗ ಎನ್ನುವುದೋ ಕರ್ಮ ಎನ್ನುವುದೋ, ಅದು ಯಾರ ಕಡೆಯಿಂದ ನೋಡುತ್ತೀರಿ ಎಂಬುದರ ಮೇಲಿದೆ. ದಿನವಿಡೀ ಬೇರೆಯವರ ಕಾಗದ ಕುಟ್ಟಿ ಮನೆಗೆ ಬಂದವನು ಮುಖ ತೊಳೆದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮಾವನವರು ತಮ್ಮ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕಕ್ಕೆ ಎಳೆದು, ಕಣ್ಣು ಮುಚ್ಚಿ, "ಬರ್ಕೊಳ್ಳಿ" ಎನ್ನುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು.

ಅತ್ತ ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಇಸ್ಪೀಟಿನ ಗೆಳೆಯರು ನಾಲ್ಕನೆಯ ಕೈ ಇಲ್ಲದೆ ಮೂರು ವರ್ಷ ಕೊರಗಿದರು. ಇಂದು ಸಂಜೆ ಪ್ರೆಸ್ಸಿನವರು ಹೊರಟ ಗಳಿಗೆಯಿಂದಲೇ ತಾನು ಸ್ವತಂತ್ರ, ಚಾಪೆ ಹಾಸಿಡಿ ಎಂದು ಅವರಿಗೆ ಮಾತು ಕೊಟ್ಟಿದ್ದ.

ಇನ್ನೊಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಅವನೂ ಕೇಳಿದ್ದ. ಮಾವನವರು ಒಪ್ಪಲಿಲ್ಲ. ಒಂದೇ ಅಂಗಡಿಯಲ್ಲಿ ಎರಡು ಜೊತೆ ತೂಕದ ಕಲ್ಲು ಸಿಕ್ಕಿದರೆ ಅದರಲ್ಲಿ ಒಂದು ಜೊತೆ ಕಳ್ಳಕಲ್ಲು ಎಂದೇ ಅವರ ಜೀವಮಾನದ ಅನುಭವ. ಎರಡು ಪ್ರತಿ ಇದ್ದರೆ ಯಾವುದು ನಿಜವಾದದ್ದು? ಇಂದು ಇದರಲ್ಲೊಂದು ಅಕ್ಷರ ತಿದ್ದಿ ನಾಳೆ ಅದರಲ್ಲಿ ತಿದ್ದಲು ಮರೆತರೆ ಗತಿ ಏನು? ಅಳಿಯ ಒಮ್ಮೆ ಕದ್ದು ಇಟ್ಟಿದ್ದ ಪ್ರತಿಯನ್ನು ಅವರೇ ಪತ್ತೆಮಾಡಿ, ಎದುರಿಗೆ ನಿಂತು ಅಳಿಸಿಹಾಕಿಸಿದ್ದರು. ಪಕ್ಕದಲ್ಲಿ ಕೂತು ನೋಡಿ ನೋಡಿ ಅವರಿಗೂ ಕಂಪ್ಯೂಟರು ಅಷ್ಟಿಷ್ಟು ತಿಳಿದಿತ್ತು. ಬೆಳಿಗ್ಗೆ ಎದ್ದವರು ತಾವೇ ಗುಂಡಿ ಒತ್ತಿ, ತಮ್ಮ ಬಾಲ್ಯದ ಅಧ್ಯಾಯ ಓದಿಕೊಂಡು, ಆರಿಸಿ ಏಳುವುದು ವಾಡಿಕೆಯಾಗಿತ್ತು.

ಸುದ್ದಿ ಕೇಳಿದ ಹೆಂಡತಿ ಮೊದಲು ಹೋಗಿ ಕೋಣೆಯ ಬಾಗಿಲು ಹಾಕಿ ಬಂದಳು.

"ಅಪ್ಪಂಗೆ ಮಾತ್ರ ಗೊತ್ತಾಗ್ಬಾರದು, ರೀ. ಆವತ್ತು ಒಂದು ಪ್ಯಾರಾ ಹೋಗಿದ್ದಕ್ಕೆ ಏನಾಯ್ತು ನೆನಪಿದೆ ತಾನೆ?"

ಅವನಿಗೆ ನೆನಪಿತ್ತು. ಕರೆಂಟು ಹೋಗಿ, ಎಣ್ಣೆ ಅಂಗಡಿಯ ಕಳ್ಳ ಅಳತೆ ಹಿಡಿದ ಪ್ರಸಂಗದ ಒಂದೇ ಒಂದು ಪ್ಯಾರಾ ಅಳಿಸಿಹೋಗಿತ್ತು. ಮಾವನವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ಎರಡು ದಿನ ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಸಾಲದ್ದಕ್ಕೆ, ಕಳೆದ ವಾರ ಕೊನೆಯ ಅಧ್ಯಾಯ ಮುಗಿದಾಗಿನಿಂದ ಅವರು ಯಾಕೋ ಮಂಕಾಗಿದ್ದರು. ತಟ್ಟೆಯಲ್ಲಿ ಬಡಿಸಿದ್ದು ಅರ್ಧಕ್ಕರ್ಧ ಉಳಿಯುತ್ತಿತ್ತು. ಪುಸ್ತಕ ಬರುವ ಸಂಭ್ರಮಕ್ಕೆ ಹಸಿವಾಗುತ್ತಿಲ್ಲ ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು. ಈಗ ಅವರು ಇಸ್ತ್ರಿ ಅಂಗಿ ತೊಟ್ಟು, ಸಂಜೆ ಬರುವ ಪ್ರೆಸ್ಸಿನವರಿಗಾಗಿ ಬೆಳಿಗ್ಗೆಯಿಂದಲೇ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು.

ಟೈಪಿಸ್ಟ್ ಆಫೀಸಿಗೆ ಜ್ವರ ಎಂದು ಫೋನು ಮಾಡಿದ. ದನಿ ಕೇಳಿ ಆಫೀಸಿನವರು ಕೂಡಲೇ ನಂಬಿದರು.

ಕಂಪ್ಯೂಟರಿನ ಡಬ್ಬವನ್ನು ಬೀದಿ ಕೊನೆಯ ರಿಪೇರಿ ಅಂಗಡಿಗೆ ಒಯ್ಯುವುದೆಂದು ನಿಶ್ಚಯವಾಯಿತು. ಬೀದಿಗೆ ಹೋಗಲು ಇದ್ದದ್ದು ಜಗಲಿಯ ದಾರಿ ಒಂದೇ, ಹಿತ್ತಿಲಿನಲ್ಲಿದ್ದದ್ದು ಮಹಡಿಮನೆಯ ಮೆಟ್ಟಿಲು ಮಾತ್ರ. ಹೆಂಡತಿ ಡಬ್ಬವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಮೇಲೆರಡು ಅಂಗಿ ತೋಳು ಇಣುಕುವಂತೆ ಮಾಡಿ, ಇಸ್ತ್ರಿಗೆ ಹೋಗುವ ಬಟ್ಟೆಯ ಗಂಟಿನಂತೆ ಕಟ್ಟಿಕೊಟ್ಟಳು. ಅವನು ಅದನ್ನು ಅಪ್ಪಿಕೊಂಡು, ಹಗುರವಾಗಿದೆ ಎಂಬಂತೆ ಮುಖ ಮಾಡಿಕೊಂಡು ಹೊರಟ.

"ಅಳಿಯಂದಿರೇ, ನಿಂತ್ಕೊಳ್ಳಿ," ಎಂದರು ಮಾವನವರು. ಕುರ್ಚಿಯಲ್ಲಿ ಕೂತೇ ಗಂಟನ್ನು ಮೇಲಿನಿಂದ ಕೆಳಗೆ ನೋಡಿದರು. "ಎಂಟು ಕೇಜಿ ಮೇಲಿದೆ. ಬಟ್ಟೆ ಇಷ್ಟು ಗಾತ್ರಕ್ಕೆ ಎಂಟು ಕೇಜಿ ಬರಲ್ಲ."

"ಒದ್ದೆ ಬಟ್ಟೆ, ಮಾವ."

"ಒದ್ದೆ ಬಟ್ಟೆನ ಯಾರಾದ್ರೂ ಇಸ್ತ್ರಿಗೆ ಕೊಡ್ತಾರೇನ್ರಿ? ಮೊದಲು ಒಣಗಿಸಿ."

ಅವನು ಒಣಗಿಸುವುದಕ್ಕೆಂದು ಒಳಗೆ ವಾಪಸು ಬಂದ. ಹಿಂದೆಯೇ ಮಾವನವರ ದನಿ ಬಂತು, ಒಂದು ಮಾತು ಹೇಳುವುದಿತ್ತು ಎಂದು. ಆಮೇಲೆ ಕೇಳುತ್ತೇನೆ ಎಂದು ಕೂಗಿ ಬಾಗಿಲು ಹಾಕಿಕೊಂಡ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಮಹಡಿಮನೆಯ ಮೇಷ್ಟ್ರು ಇಳಿದು ಬಂದರು. ಒಂದು ಕಾಲದಲ್ಲಿ ವಿಜ್ಞಾನ ಪಾಠ ಮಾಡಿದವರು. ಕೆಟ್ಟ ವಸ್ತುವಿನ ವಾಸನೆ ಅವರಿಗೆ ಅದು ಹೇಗೋ ಹತ್ತುತ್ತಿತ್ತು. ಅವರ ಬೆನ್ನಿಗೇ ಜಗಲಿ ಕಡೆಯಿಂದ ಎದುರುಮನೆಯಾಕೆ ಬಂದಳು. ಅವಳು ಬಂದದ್ದು ಹೆಪ್ಪಿಗೆ ಮೊಸರು ಕೇಳಲು. ಲೋಟ ಕೆಳಗಿಟ್ಟು, ಕಂಪ್ಯೂಟರಿಗೆ ಥಂಡಿ ಹಿಡಿದಿರಬೇಕು, ತಮ್ಮ ಮನೆಯ ರೇಡಿಯೋವನ್ನು ಬಿಸಿಲಿಗಿಟ್ಟ ಮೇಲೆ ಹಾಡತೊಡಗಿತು ಎಂದು ಸಾಕ್ಷಿ ಸಮೇತ ಹೇಳಿದಳು. ಮೇಷ್ಟ್ರು ಅದನ್ನು ಅವೈಜ್ಞಾನಿಕ ಎಂದು ತಳ್ಳಿಹಾಕಿ, ಡಬ್ಬ ಬಿಚ್ಚಿ, ಒಳಗಿನ ಪಟ್ಟಿಯೊಂದನ್ನು ಕಿತ್ತು, ಅದರ ಅಂಚನ್ನು ರಬ್ಬರಿನಿಂದ ತಿಕ್ಕತೊಡಗಿದರು. ಇದು ಮೆಮೊರಿ, ಕೊಳೆ ಕೂತರೆ ಮರೆವು ಬರುತ್ತದೆ, ತಿಕ್ಕಿದರೆ ಎಲ್ಲ ನೆನಪಾಗುತ್ತದೆ ಎಂದರು.

ತಿಕ್ಕಿ ಸಿಕ್ಕಿಸಿ ಗುಂಡಿ ಒತ್ತಿದರು. ಅಲ್ಲಿಯವರೆಗೆ ಮರ್ಯಾದೆಯಿಂದ ಸುಮ್ಮನಿದ್ದ ಕಂಪ್ಯೂಟರು ಈಗ ಕೀಂ ಕೀಂ ಎಂದು ಕೂಗತೊಡಗಿತು. ಅದರ ಗಂಟಲು ಮುಚ್ಚುವುದು ಹೇಗೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಹೆಂಡತಿ ಅಡುಗೆಮನೆಗೆ ಓಡಿ ಖಾಲಿ ಮಿಕ್ಸಿಯನ್ನು ಜೋರಾಗಿ ತಿರುಗಿಸಿದಳು. ಏನು ಅರೆಯುತ್ತಿದ್ದೀಯಮ್ಮ ಎಂದು ಜಗಲಿಯಿಂದ ಪ್ರಶ್ನೆ ಬಂತು. ಏನಿಲ್ಲಪ್ಪ ಎಂದು ಅವಳು ಕೂಗಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕೊನೆಗೆ ರಿಪೇರಿಯವನನ್ನೇ ಮನೆಗೆ ಕರೆಸುವುದೆಂದಾಯಿತು. ಜಗಲಿಯಲ್ಲಿ ಯಾರಾದರೂ ಕೇಳಿದರೆ ನಲ್ಲಿ ರಿಪೇರಿಗೆ ಬಂದವನು ಎಂದು ಹೇಳು ಅಂತ ಟೈಪಿಸ್ಟ್ ಫೋನಿನಲ್ಲಿ ಪಾಠ ಮಾಡಿದ. ರಿಪೇರಿಯವನು ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು ಬಂದ, ಹೇಳಿಕೊಟ್ಟದ್ದನ್ನೇ ಹೇಳಿದ. ಮಾವನವರು ಚೀಲವನ್ನು ದಿಟ್ಟಿಸಿ, ಎರಡು ಕೇಜಿಯ ಚೀಲದಲ್ಲಿ ಯಾವ ಸ್ಪ್ಯಾನರ್ ತಂದಿದ್ದೀಯಪ್ಪ ಎಂದು ವಿಚಾರಿಸಿ, ಹೇಗೂ ಬಂದಿದ್ದೀಯ, ಮೊದಲು ನನ್ನ ಬಚ್ಚಲ ನಲ್ಲಿ ನೋಡು ಎಂದು ಕರೆದುಕೊಂಡು ಹೋದರು. ಪಾಪ, ಅವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮೊಣಕೈವರೆಗೂ ಒದ್ದೆಯಾಗಿದ್ದ. ನಲ್ಲಿ ಮೊದಲು ಸೋರುತ್ತಿರಲಿಲ್ಲವಂತೆ, ಈಗ ಸೋರುತ್ತಿತ್ತು.

ಆದರೂ ತನ್ನ ಕೆಲಸ ಬಲ್ಲವನು. ಮೇಷ್ಟ್ರು ತಿಕ್ಕಿದ ಪಟ್ಟಿಯನ್ನು ಸರಿಯಾಗಿ ಕೂರಿಸಿದ, ಕೂಗು ನಿಂತಿತು. ಪರದೆಯ ಮೇಲೆ ಬೆಳಗಿನ ಅದೇ ಬಿಳಿ ಸಾಲು ಬಂತು. ಇದಕ್ಕೆ ಬೇರೆ ಕಡೆಯಿಂದ ಬೂಟ್ ಮಾಡಿಸಬೇಕು, ಒಂದು ಪೆನ್‌ಡ್ರೈವ್ ಇದ್ದರೆ ಅದಕ್ಕೆ ಬೇಕಾದ್ದೆಲ್ಲ ತುಂಬಿಕೊಡುತ್ತೇನೆ, ನನ್ನದು ಅಂಗಡಿಯಲ್ಲೇ ಉಳಿಯಿತು ಎಂದ. ಹಾಗೆನ್ನುತ್ತಲೇ ಡಬ್ಬದ ಹಿಂದೆ ಕೈಯಾಡಿಸಿ, ಅಲ್ಲಿ ಸಿಕ್ಕಿಸಿದ್ದ ಪೆನ್‌ಡ್ರೈವೊಂದನ್ನು ಎಳೆದು ತೆಗೆದ.

"ಇದ್ರಲ್ಲಿ ಏನಾದ್ರೂ ಇದೆಯಾ ಸಾರ್?"

"ಏನೂ ಇಲ್ಲ. ಪ್ರೆಸ್ಸಿನವರಿಗೆ ಕೊಡೋದಕ್ಕೆ ನಿನ್ನೆ ಹೊಸದು ತಂದು ಸಿಕ್ಕಿಸಿದ್ದೆ ಅಷ್ಟೆ."

"ಪೂರ್ತಿ ಅಳಿಸ್ಬಿಡ್ಲಾ?"

"ಅಳಿಸಿ ಮಾರಾಯ್ರೆ. ಏನು ಬೇಕಾದ್ರೂ ಮಾಡಿ, ಸಂಜೆ ಒಳಗೆ ಪುಸ್ತಕ ತೆಗೆದುಕೊಡಿ."

ರಿಪೇರಿಯವನು ತನ್ನ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿ ಕೆಲಸಕ್ಕೆ ಕೂತ. ಬಾಗಿಲ ಮೇಲೆ ಬೆರಳು ಬಡಿದ ಸದ್ದಾಯಿತು. ಅಳಿಯಂದಿರೇ, ಒಂದು ಮಾತು ಎಂದು ಮಾವನವರು ಮತ್ತೆ ಕರೆಯುತ್ತಿದ್ದರು. ನಲ್ಲಿಯವನು ಲೆಕ್ಕ ಹಾಕುತ್ತಿದ್ದಾನೆ, ಬಂದೆ ಮಾವ ಎಂದು ಟೈಪಿಸ್ಟ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಚಪ್ಪಲಿ ಸದ್ದು ಜಗಲಿಗೆ ಮರಳಿತು. ಮೂರು ವರ್ಷ ತನ್ನನ್ನು ಕೂಡಿಹಾಕಿದ ಮನುಷ್ಯನ ಮೇಲೆ ಅವನಿಗೆ ಆಗ ನಿಜವಾಗಿ ಕನಿಕರ ಹುಟ್ಟಿತು. ಎಣ್ಣೆ ಅಂಗಡಿ, ಸೌದೆ ಡಿಪೋ, ಕಬ್ಬಿಣದ ತಕ್ಕಡಿಯ ತಳಕ್ಕೆ ಅಂಟಿಸಿದ್ದ ಮೇಣ, ಆ ಬದುಕಿನ ಒಂದೊಂದು ಗ್ರಾಮೂ ಅವನ ಬೆರಳಿನ ಮೂಲಕವೇ ಹಾದುಹೋಗಿತ್ತು.

ಕೆಲಸ ಮುಗಿಯುತ್ತಿದ್ದಂತೆ ರಿಪೇರಿಯವನು ಪೆನ್‌ಡ್ರೈವ್ ಕಿತ್ತು ಕೈಗೆತ್ತಿಕೊಂಡ. ಸುಮ್ಮನೆ ನಿಲ್ಲಲಾರದ ಮೇಷ್ಟ್ರು ಅಷ್ಟರಲ್ಲೇ ಡಬ್ಬಕ್ಕೊಂದು ಸಲ ಉಫ್ ಎಂದು ಊದಿ ಗುಂಡಿ ಒತ್ತಿಬಿಟ್ಟರು. ಕಂಪ್ಯೂಟರು ಗುರ್ರೆಂದಿತು. ಬಿಳಿ ಸಾಲು ಬರಲಿಲ್ಲ. ಎಂದಿನ ನೀಲಿ ಪರದೆ, ಎಂದಿನ ಚಿತ್ರಗಳು, ಏನೂ ಆಗಿಯೇ ಇಲ್ಲವೆಂಬಂತೆ ಬಂದು ಕೂತವು.

ಊದಿದ್ದರಿಂದ ಎಂದು ಮೇಷ್ಟ್ರು ಹೇಳಿದರು. ಕಿಟಕಿಯಿಂದ ಆಗಿನಿಂದ ಬಿಸಿಲು ಬೀಳುತ್ತಿತ್ತಲ್ಲ ಎಂದು ಎದುರುಮನೆಯಾಕೆ ಹೇಳಿದಳು. ರಿಪೇರಿಯವನು ಮಾತ್ರ ಕೈಯಲ್ಲಿದ್ದ ಪೆನ್‌ಡ್ರೈವನ್ನೂ ಡಬ್ಬದ ಹಿಂಭಾಗವನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಹಳೇ ಮಿಷಿನ್ನು ಸಾರ್, ಹಿಂದೆ ಪೆನ್‌ಡ್ರೈವ್ ಇದ್ದರೆ ಮೊದಲು ಅದರೊಳಗೇ ಹೋಗಿ ಹುಡುಕುತ್ತೆ, ಅಲ್ಲಿ ಸಿಗದಿದ್ದರೆ ಹೀಗೇ ಹಟ ಹಿಡಿಯುತ್ತೆ. ಇದನ್ನು ಕಿತ್ತಿದ್ದರೆ ಬೆಳಿಗ್ಗೆಯೇ ಸರಿಹೋಗುತ್ತಿತ್ತು.

ಟೈಪಿಸ್ಟ್‌ಗೆ ಅದನ್ನೆಲ್ಲ ಕೇಳುವ ವ್ಯವಧಾನವಿರಲಿಲ್ಲ. ಪುಸ್ತಕ ಇದ್ದ ಜಾಗ ತೆರೆದ. ಅಲ್ಲಿ ಏನೂ ಇರಲಿಲ್ಲ. ಪಕ್ಕದ್ದು ತೆರೆದ, ಕಸದ ಬುಟ್ಟಿ ತೆರೆದ, ಹೆಸರು ಹಾಕಿ ಹುಡುಕಿಸಿದ. ಆಫೀಸಿನ ರಜೆ ಅರ್ಜಿಗಳು ಇದ್ದವು, ಹೆಂಡತಿಯ ಹೊಲಿಗೆಯ ನಕ್ಷೆಗಳು ಇದ್ದವು. ಮಾವನವರ ಒಂದು ಅಕ್ಷರವೂ ಇರಲಿಲ್ಲ.

ಬಾಗಿಲು ತೆರೆದುಕೊಂಡಿತು. ಬೆನ್ನು ಕೊಟ್ಟು ನಿಲ್ಲಲು ಈಗ ಅಲ್ಲಿ ಯಾರೂ ಇರಲಿಲ್ಲ. ಮಾವನವರು ಪರದೆಯನ್ನು, ಅಳಿಯನ ಮುಖವನ್ನು ನೋಡಿದರು.

"ಅಲ್ಲಿ ಯಾಕೆ ಹುಡುಕ್ತೀರಿ? ಇದನ್ನ ಹೇಳೋಣ ಅಂತ ಬೆಳಿಗ್ಗೆಯಿಂದ ಬರ್ತಿದ್ದೀನಿ, ನಿಮಗೆ ಪುರುಸೊತ್ತೇ ಇಲ್ಲ. ರಾತ್ರಿ ನೀವು ಇದನ್ನ ಆರಿಸದೇ ಬಿಟ್ಟಿದ್ದಿರಿ. ನೀವು ಸ್ನಾನಕ್ಕೆ ಹೋದಾಗ ನಾನೇ ಹಿಂದಿದ್ದ ಆ ಕಡ್ಡಿಗೆ ಪುಸ್ತಕ ಹಾಕಿಟ್ಟು, ಆರಿಸಿ ಎದ್ದೆ. ಇದ್ರಿಂದ ತೆಗೆದು ಅದಕ್ಕೆ ಹಾಕಿದ್ದು. ಒಂದೇ ಪ್ರತಿ."

ರಿಪೇರಿಯವನು ಪೆನ್‌ಡ್ರೈವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಸಾರ್ ಅಳಿಸು ಅಂದರು ಎಂದು ಗೋಡೆಗೆ ಹೇಳಿದ. ಆಮೇಲೆ ಅವನೂ ಪ್ರಾಮಾಣಿಕವಾಗಿ ಹೆಣಗಿದ. ಅಳಿಸಿದ್ದರ ಮೇಲೆ ಬೇರೆಯದು ಬರೆದುಹೋಗಿತ್ತು. ಕೆದಕಿ ಕೆದಕಿ ಸಿಕ್ಕಿದ್ದು ಅರ್ಧ ವಾಕ್ಯ: "ಆ ಅಂಗಡಿಯವನು ನನ್ನ ಕಾಲು ಹಿಡಿದು". ಮುಂದೆ ಏನಾಯಿತೆಂದು ಎದುರುಮನೆಯಾಕೆ ಕೇಳಿದಳು. ಮಾವನವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಪ್ರೆಸ್ಸಿನವರು ಬಂದರು. ಕಾಫಿ ಕುಡಿದು, ವಿಷಯ ಕೇಳಿ, ಸಾವಿನ ಮನೆಯಿಂದ ಹೊರಡುವವರ ಹಾಗೆ ಹೋಗಿಬರುತ್ತೇವೆ ಎನ್ನದೆ ಎದ್ದುಹೋದರು. ಹೆಂಡತಿ ಅಪ್ಪನ ಬಾಗಿಲಿಗೆ ಕಿವಿಯಿಟ್ಟು ಕೂತಿದ್ದಳು. ಟೈಪಿಸ್ಟ್ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಅಳಿಸಿ ಎಂದದ್ದು ತನ್ನ ಬಾಯಿ. ಮುದುಕರು ಗೋಡೆಯ ಕಡೆ ತಿರುಗಿ ಮಲಗಿದರೆ ಈ ಸಲ ಎಬ್ಬಿಸುವುದು ಹೇಗೆ? ಇಸ್ಪೀಟು, ಚಾಪೆ, ಸ್ವಾತಂತ್ರ್ಯ ಎಲ್ಲ ಹಾಳಾಗಲಿ, ಆ ಮನುಷ್ಯ ಎದ್ದು ಬಂದು ಒಂದು ತುತ್ತು ತಿಂದರೆ ಸಾಕು, ದೇವರೇ, ಎಂದುಕೊಂಡ.

ಇಂಥ ಪ್ರಾರ್ಥನೆಗಳು ಸಾಮಾನ್ಯವಾಗಿ ಫಲಿಸುವುದಿಲ್ಲ. ಅಂದು ಫಲಿಸಿತು. ಎಂದಿನ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಿತು. ಮಾವನವರು ಇಸ್ತ್ರಿ ಅಂಗಿ ಕಳಚಿ ಮನೆಯ ಅಂಗಿ ತೊಟ್ಟಿದ್ದರು. ವಾರದಿಂದ ಇಲ್ಲದ ಕಳೆ ಮುಖದಲ್ಲಿತ್ತು. ಊಟಕ್ಕೆ ಏನು ಮಾಡಿದ್ದೀಯಮ್ಮ, ಹಸಿವಾಗ್ತಿದೆ ಎಂದು ಮಗಳಿಗೆ ಹೇಳಿ, ತಮ್ಮ ಕುರ್ಚಿಯನ್ನು ದರದರ ಎಳೆದು ತಂದು ಕಂಪ್ಯೂಟರಿನ ಪಕ್ಕದಲ್ಲಿ ಹಾಕಿದರು.

"ಹೋದದ್ದು ಹೋಯ್ತು, ಅಳಿಯಂದಿರೇ. ಒಳ್ಳೇದೇ ಆಯ್ತು ಅನ್ನಿ. ಕೂತು ಯೋಚನೆ ಮಾಡಿದೆ, ಎಷ್ಟೊಂದು ಬಿಟ್ಟುಬಿಟ್ಟಿದ್ದೆ. ನಮ್ಮ ಅಜ್ಜನ ವಿಷಯವೇ ಬಂದಿರಲಿಲ್ಲ. ಈ ಸಲ ಅವಸರ ಮಾಡೋದು ಬೇಡ." ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಕಂಪ್ಯೂಟರು ಈಗ ಚೆನ್ನಾಗಿ ಓಡ್ತಿದೆಯಂತಲ್ಲ. ಬರ್ಕೊಳ್ಳಿ."

ಮೇಜಿನ ಮೇಲೆ ಫೋನು ಗುಣುಗುಟ್ಟಿತು. ಕ್ಷೌರದಂಗಡಿಯಿಂದ. ಎಲೆ ಹಂಚಿ ಕಾಯುತ್ತಿರಬೇಕು. ಟೈಪಿಸ್ಟ್ ಅದನ್ನು ಬೋರಲು ಮಾಡಿಟ್ಟು, ಕೀಲಿಮಣೆಯ ಮೇಲೆ ಬೆರಳಿಟ್ಟು, ಬಹಳ ವಿನಯದಿಂದ ಕೇಳಿದ.

"ಮಾವ, ಈ ಸಲವಾದ್ರೂ ಎರಡು ಪ್ರತಿ ಇಡೋಣವಾ?"

ಮಾವನವರು ಒಂದು ಕಣ್ಣು ತೆರೆದು ಅವನನ್ನು ನೋಡಿದರು. ಮೂವತ್ತು ವರ್ಷ ಅಂಗಡಿಕಾರರನ್ನು ನೋಡಿದ ಕಣ್ಣು ಅದು.

"ಒಂದು ಅಂಗಡೀಲಿ ಎರಡು ಕಲ್ಲೇ?" ಎಂದು ಕೇಳಿ, ಆ ಕಣ್ಣನ್ನೂ ಮುಚ್ಚಿಕೊಂಡು, ತಮ್ಮ ಅಜ್ಜನ ಅಜ್ಜನಿಂದ ಶುರು ಮಾಡಿದರು.