ಲೆಕ್ಕದ ಮೇಷ್ಟ್ರು ಫ್ಯಾನು ಬಿಚ್ಚಿದ್ದು

"ಇವತ್ತು ಈ ಫ್ಯಾನು ನನ್ನ ಕೈಯಿಂದಲೇ ತಿರುಗಬೇಕು!"

ಭಾನುವಾರ ಬೆಳಿಗ್ಗೆ ಲೆಕ್ಕದ ಮೇಷ್ಟ್ರು ನಡುಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ಘೋಷಿಸಿದರು.

"ಎರಡು ದಿನದಿಂದ ಕೋಲಿನಿಂದ ತಿರುಗಿಸ್ತಿದ್ದೀವಲ್ಲ, ಇನ್ನು ಕೈಯಿಂದಲೂ ತಿರುಗಿಸಿ," ಅಂದಳು ಬಟ್ಟೆ ಮಡಚುತ್ತಿದ್ದ ಹೆಂಡತಿ. "ಸುಮ್ಮನಿರಿ ಅಂದ್ರೆ. ಹನ್ನೊಂದಕ್ಕೆ ಅಪ್ಪ ಬರ್ತಾರೆ, ಅವರೇ ನೋಡ್ತಾರೆ."

ಮೇಷ್ಟ್ರಿಗೆ ಚುಚ್ಚಿದ್ದೇ ಅದು. ಮಾವ ಮೂವತ್ತೈದು ವರ್ಷ ಲೈನ್‌ಮನ್ ಆಗಿ ಊರಿನ ಕಂಬಗಳನ್ನೆಲ್ಲ ಹತ್ತಿ ಇಳಿದವರು. ಹೊಸ ಅಳಿಯ ಬಲ್ಬು ಬದಲಿಸೋಕೆ ಎಲೆಕ್ಟ್ರಿಷಿಯನ್‌ನ ಕರೆಸಿದ ಕಥೆಯನ್ನು ಹದಿನೆಂಟು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದವರು!

"ಕೇಳಿಲ್ಲಿ. ಗುಂಯ್ ಅಂತ ಸದ್ದಿದೆ, ಅಂದ್ರೆ ಕರೆಂಟ್ ಬರ್ತಿದೆ. ತಳ್ಳಿದ್ರೆ ಸಲೀಸಾಗಿ ತಿರುಗುತ್ತೆ, ಅಂದ್ರೆ ಬೇರಿಂಗ್ ಸರಿಯಿದೆ. ಆದ್ದರಿಂದ ಕೆಟ್ಟಿರೋದು ಕಂಡೆನ್ಸರ್! ಸಾಧಿಸಿ ತೋರಿಸಿದ್ದೇನೆ."

"ಬೋರ್ಡಿನ ಮೇಲೆ ಸಾಧಿಸೋದು ಬೇರೆ, ಸ್ಟೂಲಿನ ಮೇಲೆ ಸಾಧಿಸೋದು ಬೇರೆ ರೀ."

ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿಗೆ ಹೋಗಿ ಹೊಸ ಕಂಡೆನ್ಸರ್ ತಂದರು. ಸೇನಾಪತಿಯ ಗತ್ತಿನಲ್ಲಿ ಮೇನ್ ಸ್ವಿಚ್ ಕೆಳಗಿಳಿಸಿದರು. ಬಚ್ಚಲುಮನೆಯಿಂದ ಅವರ ತಾಯಿಯ ಕೂಗು ಕೇಳಿಸಿತು.

"ಲೋ, ಕಣ್ಣು ಕಾಣಿಸ್ತಿಲ್ವಲ್ಲೋ!"

"ಅಮ್ಮ, ಗಾಬರಿಯಾಗ್ಬೇಡ! ಕಣ್ಣಿಗೇನೂ ಆಗಿಲ್ಲ, ದೀಪ ಆರಿಸಿದ್ದೀನಿ!"

"ಮುಖದ ತುಂಬ ಸೋಪಿದೆ ಕಣೋ! ಚೊಂಬು ಎಲ್ಲಿದೆಯೋ ಸಿಕ್ತಿಲ್ಲ!"

ಹೆಂಡತಿ ಟಾರ್ಚು ಹಿಡಿದು ಅತ್ತೆಯ ರಕ್ಷಣೆಗೆ ಓಡಿದಳು. ಮೇಷ್ಟ್ರು ಸ್ಟೂಲು ಹತ್ತಿ, ಫ್ಯಾನಿನ ಮೇಲಿನ ಬಟ್ಟಲಿನಂಥ ಮುಚ್ಚಳ ಸಡಿಲಿಸಿ, ಹಳೆಯ ಕಂಡೆನ್ಸರ್ ಕಿತ್ತರು. ಯಾವ ವೈರು ಎಲ್ಲಿತ್ತು ಅಂತ ಬರೆದಿಟ್ಟುಕೊಂಡಿರಲಿಲ್ಲ. ಪ್ರಮೇಯ ಬಲ್ಲವನಿಗೆ ಮೂರು ವೈರು ಯಾವ ಲೆಕ್ಕ! ಹೊಸದನ್ನು ಕೂರಿಸಿದರು, ಟೇಪು ಸುತ್ತಿದರು, ಇಳಿದು ಬಂದು ಮೇನ್ ಹಾಕಿದರು.

ಫ್ಯಾನು ತಿರುಗಿತು! ತಳ್ಳಬೇಕಿಲ್ಲ, ಕೋಲು ಬೇಕಿಲ್ಲ, ರೆಕ್ಕೆಗಳೇ ಕಾಣದಷ್ಟು ವೇಗ! ಮೇಷ್ಟ್ರ ಎದೆ ಎರಡು ಅಂಗುಲ ಅಗಲವಾಯಿತು.

"ಹೇಗಿದೆ?"

ತಲೆ ಒರೆಸುತ್ತ ಬಂದ ತಾಯಿ ಫ್ಯಾನಿನ ಕೆಳಗೇ ಕೂತರು. "ನೋಡೋಕೆ ಚೆನ್ನಾಗಿದೆ ಕಣಪ್ಪ. ಗಾಳಿ ಯಾವಾಗ ಬರುತ್ತೆ?"

"ಬರ್ತಿದೆಯಲ್ಲಮ್ಮ!" ಅಂದರು ಮೇಷ್ಟ್ರು, ಹಣೆಯ ಬೆವರು ಒರೆಸಿಕೊಳ್ಳುತ್ತ.

ಹೆಂಡತಿ ಕರವಸ್ತ್ರದ ತುದಿ ಹಿಡಿದು ನಿಂತಳು. ಅದು ಅಲ್ಲಾಡಲಿಲ್ಲ.

"ಸ್ಪೀಡು ಸಾಲ್ದು," ಎಂದು ಮೇಷ್ಟ್ರು ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದ್ದೇ ತಡ, ಬೀರುವಿನ ಮೇಲೆ ಇಟ್ಟಿದ್ದ ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳು ಎದ್ದವು! ಗಾಳಿಯೆಲ್ಲ ಸೂರಿಗೆ ಬಡಿದು, ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಅದರ ಜೊತೆ ಮೂಲೆಯ ಜೇಡರ ಬಲೆ, ವರ್ಷಗಳ ಧೂಳು! ನೂರಕ್ಕೆ ಹನ್ನೆರಡು ತೆಗೆದವರೂ ತೊಂಬತ್ತು ತೆಗೆದವರೂ ಒಟ್ಟಿಗೆ ಹಾರಾಡುತ್ತಿದ್ದಾಗ ಬಾಗಿಲಲ್ಲಿ ಮಾವ ಪ್ರತ್ಯಕ್ಷರಾದರು.

ಒಂದು ಹಾಳೆ ಅವರ ಮುಖಕ್ಕೇ ಅಂಟಿಕೊಂಡಿತು. ಅದನ್ನು ನಿಧಾನವಾಗಿ ಬಿಡಿಸಿ ಮೇಲೆ ನೋಡಿದರು.

"ಫ್ಯಾನು ಉಲ್ಟಾ ತಿರುಗ್ತಿದೆ, ಅಳಿಯಂದ್ರೇ. ಯಾರು ಬಿಚ್ಚಿದ್ದು?"

ಮೇಷ್ಟ್ರು ಟೇಪಿನ ಸುರುಳಿಯನ್ನು ಬೆನ್ನ ಹಿಂದೆ ಸರಿಸಿದರು. "ನಾನೇ, ಮಾವ."

"ಕಂಡೆನ್ಸರ್ ಅಂತ ಹೇಳಿದ್ಯಾರು?"

"ಅದೂ ನಾನೇ. ಯೋಚನೆ ಮಾಡಿ ಕಂಡುಹಿಡಿದೆ."

ಮಾವ ಇನ್ನೊಮ್ಮೆ ಫ್ಯಾನಿನ ಕಡೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಕಾಯಿಲೆ ಸರಿಯಾಗೇ ಹಿಡಿದಿದ್ದಾರೆ ಕಣಮ್ಮ! ವೈರು ಮಾತ್ರ ಆ ಕಡೆಯದು ಈ ಕಡೆ ಸೇರಿದೆ. ಹತ್ತಿ ಅಳಿಯಂದ್ರೇ, ನೀವೇ ಬದಲಾಯಿಸಿ. ನಾನು ಕೆಳಗಿಂದ ಹೇಳ್ತೀನಿ," ಅಂದರು.

ಮತ್ತೆ ಮೇನ್ ಇಳಿಯಿತು. ಮೇಷ್ಟ್ರು ಮಾವ ಹೇಳಿದ ಹಾಗೆ ವೈರು ಬದಲಿಸಿದರು. ಸ್ವಿಚ್ ಹಾಕಿದರೆ, ಆಹಾ! ತಣ್ಣನೆ ಗಾಳಿ ತಲೆಯ ಮೇಲೇ ಸುರಿಯಿತು. ತಾಯಿಯ ಒದ್ದೆ ಕೂದಲು ಹಾರಿತು. ಹೆಂಡತಿಯ ಮುಖ ಅರಳಿತ್ತು. ಮಾವ ಭುಜ ತಟ್ಟಿದರು. ಮೇಷ್ಟ್ರು ನೆಲದಿಂದ ಅರ್ಧ ಅಡಿ ಮೇಲೆ ನಿಂತಿದ್ದರು.

"ಇನ್ಮೇಲೆ ಈ ಮನೆಗೆ ಎಲೆಕ್ಟ್ರಿಷಿಯನ್ ಕಾಲಿಡೋ ಹಾಗಿಲ್ಲ! ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಏನೇ ಕೆಡಲಿ..."

ಠಪ್! ಫ್ಯಾನು ನಿಂತಿತು. ದೀಪ ಆರಿತು. ಫ್ರಿಜ್ಜೂ ಉಸಿರು ಬಿಟ್ಟು ಸುಮ್ಮನಾಯಿತು.

ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ.

"ನಾನೇ... ನಾನೇ ಏನಾದ್ರೂ ಮಾಡಿಬಿಟ್ನಾ ಮಾವ?"

ಮಾವ ಕಿಟಕಿಯಿಂದ ಆಚೆ ಇಣುಕಿ ನೋಡಿ, ನಗುತ್ತ ತಿರುಗಿದರು.

"ಹೆದರಬೇಡಿ ಅಳಿಯಂದ್ರೇ. ಇಡೀ ಬೀದಿಗೇ ಕರೆಂಟ್ ಹೋಗಿದೆ. ಅಷ್ಟು ದೊಡ್ಡ ಕೆಲಸ ನಿಮ್ಮ ಕೈಲಿ ಆಗಲ್ಲ ಬಿಡಿ!"