ನಮ್ಮಲ್ಲಿ ಬೇರೆ ಶಾಖೆಗಳಿಲ್ಲ

"ಸ್ಟಿಕ್ಕರ್ ಅಂತೆ, ಸ್ಟಿಕ್ಕರ್! ನನ್ನ ಮಗಳು ಸ್ಟಿಕ್ಕರ್ ಅಂಟಿಸ್ಕೊಂಡು ಸ್ಕೂಲಿಗೆ ಹೋಗೋದಾದ್ರೆ, ನಾನು ಇಪ್ಪತ್ತು ವರ್ಷ ಬ್ರಷ್ ಹಿಡಿದಿದ್ದು ಯಾವ ಪುರುಷಾರ್ಥಕ್ಕೆ?"

ಭಾನುವಾರ ಬೆಳಗ್ಗೆ ಬೋರ್ಡ್ ಬರೆಯುವ ಅಪ್ಪ ಹೀಗೆ ಗುಡುಗಿದಾಗ ಅವನ ಹೆಂಡತಿ ಆಗಷ್ಟೇ ಪಾಳಿ ಮುಗಿಸಿ ಬಂದು ಮಂಚದ ಮೇಲೆ ಅಡ್ಡಾಗಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಯಾರ ಕೂಗಾಟಕ್ಕೂ ಜಗ್ಗುವವಳಲ್ಲ.

"ಹೆಸರು ಕಾಣಿಸಿದ್ರೆ ಸಾಕು ಕಣ್ರೀ. ಪೆನ್ನಲ್ಲಿ ಗೀಚಿ ಬಿಡಿ" ಎಂದು ಮಗ್ಗುಲು ಬದಲಿಸಿದಳು.

ಗೀಚುವುದು! ಪೇಟೆಯ ಅರ್ಧಕ್ಕರ್ಧ ಅಂಗಡಿಗಳ ಹಣೆಬರಹ ಬರೆದವನಿಗೆ ಈ ಮಾತು!

ಮರುದಿನ ಅವರ ಒಬ್ಬಳೇ ಮಗಳು ಚೂಟಿ ಮೊದಲ ಸಲ ಶಾಲೆಗೆ ಹೊರಡುವವಳಿದ್ದಳು. ಎಲ್ಲ ವಸ್ತುಗಳ ಮೇಲೂ ಮಗುವಿನ ಹೆಸರಿರಬೇಕೆಂದು, ಸ್ಟಿಕ್ಕರ್ ಅಂಟಿಸಿದರೂ ಸರಿಯೆಂದು ಶಾಲೆಯವರು ಚೀಟಿ ಕೊಟ್ಟಿದ್ದರು. ವಾರದಿಂದ ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ, ಏಣಿಯ ಮೇಲಿಂದಲೇ, "ನಮ್ಮ ಚೂಟಿ ಸೋಮವಾರದಿಂದ ಸ್ಕೂಲು!" ಎಂದು ಸಾರಿದ್ದೇ ಸಾರಿದ್ದು. ಆ ಸಂಭ್ರಮದ ಅಡಿಯಲ್ಲಿ ಒಂದು ಅಳುಕು ಮಾತ್ರ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು. ತರಗತಿಯಲ್ಲಿ ನಲವತ್ತು ಮಕ್ಕಳು. ನಲವತ್ತಕ್ಕೂ ಬಿಳಿ ಅಂಗಿ, ಶಾಲೆಯೇ ಕೊಟ್ಟ ನೀಲಿ ಬ್ಯಾಗು. ಆ ಹಿಂಡಿನಲ್ಲಿ ತನ್ನ ಕೂಸು ಬೆರೆತು ಮಾಯವಾದರೆ? ಯಾರ ಮಗುವೋ ಏನೋ ಎಂದು ಒಂದು ಮೂಲೆಗೆ ಕೂರಿಸಿಬಿಟ್ಟರೆ?

ಇಲ್ಲ, ಹಾಗಾಗಕೂಡದು. ರಸ್ತೆಯ ಆ ತುದಿಯಿಂದ ನೋಡಿದರೂ ಇದು ಚೂಟಿಯ ಬ್ಯಾಗು ಎಂದು ಗೊತ್ತಾಗಬೇಕು!

ಅವನು ಎನಾಮಲ್ ಡಬ್ಬಿಗಳನ್ನು ತೆರೆದ. ಕಮಾನಿನಂತೆ ಬಾಗಿದ ಹಳದಿ ಅಕ್ಷರಗಳು, ಅವಕ್ಕೆ ಕೆಂಪು ನೆರಳು, ಸುತ್ತ ಬಳ್ಳಿ, ಬಳ್ಳಿಗೆ ಹೂವು. ಉಸಿರು ಬಿಗಿಹಿಡಿದು ಕೊನೆಯ ಸುಳಿ ಎಳೆದ. ಕಣ್ಣಾಲಿಗಳು ತುಂಬಿ ಬಂದವು. ಈ ಹೆಸರನ್ನು ತೊಟ್ಟಿಲಲ್ಲಿ ಕರೆದದ್ದು ನಿನ್ನೆ ಮೊನ್ನೆಯಲ್ಲವೇ? ಹೀಗೆ ಮನಸ್ಸು ತೊಟ್ಟಿಲ ಬಳಿ ನಿಂತಿದ್ದಾಗ ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮುಂದುವರಿಸಿತ್ತು.

"ಅಪ್ಪಾ, ಕೆಳಗೇನು ಬರ್ದಿದ್ದೀಯ?" ಎಂದಳು ಚೂಟಿ.

ಅವನು ಓದಿದ. ಹೆಸರಿನ ಕೆಳಗೆ, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ, ಮುದ್ದಾದ ಅಕ್ಷರಗಳಲ್ಲಿ ಮೂಡಿತ್ತು: 'ನಮ್ಮಲ್ಲಿ ಬೇರೆ ಶಾಖೆಗಳಿಲ್ಲ'.

ಹೆಂಡತಿ ಎದ್ದು ಬಂದು ನೋಡಿದಳು. ಸೆರಗು ಬಾಯಿಗೆ ಹೋಯಿತು.

"ಏನ್ರೀ ಇದು? ಮಗಳಾ, ಜವಳಿ ಅಂಗಡಿನಾ?"

"ಕೈತಪ್ಪು ಕಣೇ!"

"ಫೋನ್ ನಂಬರೂ ಹಾಕಿದ್ದೀರಲ್ಲ! ಭಾನುವಾರ ರಜೆ ಅಂತ ಬರೆಯೋದು ಮರೆತ್ರಾ?"

"ಸುಳ್ಳೇನೂ ಬರೆದಿಲ್ಲ ತಾನೆ? ನಮಗೆ ಬೇರೆ ಶಾಖೆ ಎಲ್ಲಿದೆ?" ಎಂದು ಅವನು ಗೊಣಗಿದ. ಆ ಮಾತಿಗೆ ಅವಳ ನಗು ಅರೆಕ್ಷಣ ನಿಂತಿತು. ಮತ್ತೆ ದುಪ್ಪಟ್ಟಾಗಿ ಹೊರಬಂತು.

ಒಣಗಿದ ಮೇಲೆ ಆ ಸಾಲನ್ನು ನೀಲಿ ಬಣ್ಣದಿಂದ ಮುಚ್ಚಿದರಾಯಿತೆಂದು ಬ್ಯಾಗನ್ನು ಕುರ್ಚಿಯ ಮೇಲೆ, ಅದರ ಬೆನ್ನಿಗೆ ಒರಗಿಸಿಟ್ಟು, ಅವನು ನೀಲಿ ಡಬ್ಬಿ ಹುಡುಕಲು ಒಳಗೆ ಹೋದ. ಹೋದದ್ದೇ ತಪ್ಪಾಯಿತು! ಹೊರಗೆ ಬರುವಷ್ಟರಲ್ಲಿ ಚೂಟಿ ಶಾಲೆಯ ಹೊಸ ಅಂಗಿ ತೊಟ್ಟು, ಅದೇ ಕುರ್ಚಿಯಲ್ಲಿ ಕೈಕಟ್ಟಿ ಕೂತು, ತರಗತಿಯ ಅಭ್ಯಾಸ ನಡೆಸಿದ್ದಳು.

"ಎಸ್ ಟೀಚರ್!" ಎಂದು ಎದ್ದು ನಿಂತಳು.

ಬ್ಯಾಗೂ ಅವಳ ಜೊತೆಗೇ ಎದ್ದು ನಿಂತಿತು.

ಬಿಡಿಸಿ ನೋಡಿದರೆ, ಬ್ಯಾಗಿನ ಅಕ್ಷರಗಳ ಕೂದಲೂ ಕೊಂಕಿರಲಿಲ್ಲ. ಆದರೆ ಅಂಗಿಯ ಬೆನ್ನಿನ ತುಂಬ ಅದೇ ಹೆಸರು, ಅದೇ ಬಳ್ಳಿ, ಅದೇ ಶಾಖೆಗಳು, ಎಲ್ಲವೂ ತಿರುವುಮುರುವು!

"ನಾಳೆ ಟೀಚರು ಕನ್ನಡಿ ಹಿಡ್ಕೊಂಡು ಓದ್ಬೇಕಾ?" ಎಂದಳು ಹೆಂಡತಿ. ಈ ಸಲ ಅವಳು ನಗುತ್ತಿರಲಿಲ್ಲ. ಇದ್ದದ್ದು ಅದೊಂದೇ ಅಂಗಿ. ಇನ್ನೊಂದನ್ನು ದರ್ಜಿ ಬುಧವಾರ ಕೊಡುವವನಿದ್ದ.

ನರ್ಸಮ್ಮ ಹತ್ತಿ ತಂದಳು. ಅಪ್ಪ ಟರ್ಪೆಂಟೈನ್ ಸುರಿದ. ಗಾಯ ಒರೆಸಿದಂತೆ ಒರೆಸಿದರು. ಒರೆಸಿದಷ್ಟೂ ಹಳದಿ ಕೆಂಪಿನೊಳಗೆ, ಕೆಂಪು ಬಿಳಿಯೊಳಗೆ ಹರಡಿ, ಅಂಗಿಯ ಬೆನ್ನಿನ ಮೇಲೆ ಭರ್ಜರಿ ಸೂರ್ಯಾಸ್ತವೇ ಆಯಿತು. ವಾಸನೆಗೆ ಪಕ್ಕದ ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಂಡರು.

ಆಗ ಹೊಳೆಯಿತು ನಮ್ಮ ಕಲಾವಿದನಿಗೆ ಆ ಮಹಾ ಉಪಾಯ!

"ಬಿಳಿ ಅಂಗಿ ತಾನೆ? ಬಿಳಿ ಬಣ್ಣ ಹೊಡೆದ್ರಾಯ್ತು!"

"ರೀ, ಅದು ಬಟ್ಟೆ. ಗೋಡೆ ಅಲ್ಲ."

"ನೀನು ಸುಮ್ನಿರು. ಬಿಳಿ ಮೇಲೆ ಬಿಳಿ, ಬ್ರಹ್ಮನಿಗೂ ಗೊತ್ತಾಗಲ್ಲ."

ಎರಡು ಕೋಟು ಹೊಡೆದು ಬಿಸಿಲಿಗೆ ಹಾಕಿದ. ಬ್ರಹ್ಮನ ವಿಷಯ ತಿಳಿಯದು. ಸೋಮವಾರ ಬೆಳಗ್ಗೆ ಅಂಗಿಯ ಬೆನ್ನನ್ನು ಬೆರಳಿಂದ ತಟ್ಟಿದರೆ ಟಕ್ ಟಕ್ ಎಂದು ಬಾಗಿಲಿನಂತೆ ಸದ್ದು ಮಾಡುತ್ತಿತ್ತು. ಒಳಗೊಂದು ದಪ್ಪ ಬನಿಯನ್ ತೊಡಿಸಿ, ಮೇಲೆ ಈ ಹಲಗೆಯಂಥ ಅಂಗಿ ಏರಿಸಿದರು. ಇಷ್ಟರ ನಡುವೆ ಬ್ಯಾಗಿನ ಆ ಸಾಲು ಮುಚ್ಚುವುದು ಇಬ್ಬರಿಗೂ ಮರೆತೇ ಹೋಗಿತ್ತು.

ಶಾಲೆಯ ಗೇಟಿನಲ್ಲಿ ಮಕ್ಕಳ ಅಳು ಮುಗಿಲು ಮುಟ್ಟಿತ್ತು. ಅಪ್ಪ ಮಗಳಿಗಾಗಿ ನಾಲ್ಕು ಕರವಸ್ತ್ರ ತಂದಿದ್ದ. ಮಂಡಿಯೂರಿ ಕೂತು ಅವಳ ಕೈ ಹಿಡಿದುಕೊಂಡ.

"ಚೂಟಿ, ಹೆದರ್ಬೇಡಮ್ಮ. ಅಳು ಬಂದ್ರೆ ಅತ್ಬಿಡು. ಅಪ್ಪ ಇಲ್ಲೇ ಇರ್ತೀನಿ."

"ಅಪ್ಪಾ..."

"ಹೇಳು ಕಂದ."

"ಕೈ ಬಿಡು. ಒಳಗೆ ಹೋಗೋಕಾಗ್ತಿಲ್ಲ."

ಬಿಟ್ಟ. ಅವಳು ಬಾಗಲು ಬಾರದ ಬೆನ್ನು ಹೊತ್ತು, ದಂಡನಾಯಕಿಯಂತೆ ನಡೆದು ಹೋದಳು. ಬಾಗಿಲ ಬಳಿಯಾದರೂ ಒಮ್ಮೆ ತಿರುಗಿ ನೋಡುತ್ತಾಳೆಂದು ಅವನು ಕಾದ. ಅಂಗಿ ಬಿಡಲಿಲ್ಲವೋ, ಅವಳಿಗೇ ನೆನಪಾಗಲಿಲ್ಲವೋ, ನೋಡಲಿಲ್ಲ. ನಾಲ್ಕು ಕರವಸ್ತ್ರಗಳೂ ಅವನಿಗೇ ಸಾಲದೆ ಹೋದವು. ಗೇಟಿನ ಕಾವಲುಗಾರ ನೀರು ಕೊಟ್ಟು, "ಮೊದಲನೇ ದಿನ ಹಾಗೇ ಸ್ವಾಮಿ. ನಾಳೆಯಿಂದ ಅಭ್ಯಾಸ ಆಗುತ್ತೆ ನಿಮಗೆ" ಎಂದು ಸಮಾಧಾನ ಹೇಳಿದ.

ಹನ್ನೆರಡೂವರೆಗೆ ಟೀಚರು ಹೊರಗೆ ಬಂದು, "ಚೂಟಿ ತಂದೆ ನೀವೇನಾ?" ಎಂದಾಗ ಅವನು ಬೈಗುಳಕ್ಕೆ ತಲೆಯೊಡ್ಡಿ ನಿಂತ.

"ಏನು ಚೆನ್ನಾಗಿ ಬೆಳೆಸಿದ್ದೀರಿ ರೀ! ಬೆಳಗ್ಗಿಂದ ಒಂದು ಸಲವೂ ಬಗ್ಗಲಿಲ್ಲ, ಬೆನ್ನು ನೆಟ್ಟಗೆ ಇಟ್ಕೊಂಡು ಕೂತಿದ್ಲು. ಎಲ್ಲರಿಗೂ ಇವಳನ್ನೇ ತೋರಿಸ್ದೆ."

ಅವನ ಎದೆ ಒಂದು ಮೊಳ ಉಬ್ಬಿತು. ಅಷ್ಟರಲ್ಲಿ ಟೀಚರು ಗಂಟಲು ಸರಿಪಡಿಸಿಕೊಂಡರು.

"ಆದ್ರೆ ಒಂದು ಫಜೀತಿ ಆಗಿದೆ. ಒಳಗೆ ಬನ್ನಿ."

ಒಳಗೆ ಗೋಡೆಯುದ್ದಕ್ಕೂ ನೀಲಿ ಬ್ಯಾಗುಗಳ ಸಾಲು. ಒಟ್ಟು ಮೂವತ್ತೊಂಬತ್ತು! ಒಂದೊಂದರ ಹಿಂದೆಯೂ ಒಂದೊಂದು ಮಗು. ಯಾವುದರ ಕಣ್ಣಲ್ಲೂ ಹನಿ ನೀರಿಲ್ಲ.

"ಅಂಕಲ್, ನನ್ನದಕ್ಕೆ ಹಸಿರು ಹೂವು!"

"ನನ್ನದಕ್ಕೆ ಹುಲಿ!"

"ಅಳೋರ ಬ್ಯಾಗಿಗೆ ನಮ್ಮಪ್ಪ ಬರೆಯಲ್ಲ ಅಂತ ಇವಳು ಹೇಳಿದ್ದೇ ತಡ, ಎಲ್ಲರೂ ಗಪ್‌ಚುಪ್" ಎಂದರು ಟೀಚರು. "ಈಗ ನೀವು ಇಲ್ಲ ಅಂದ್ರೆ ಮತ್ತೆ ಶುರು ಆಗುತ್ತೆ. ದಯವಿಟ್ಟು... ಎರಡು ದಿನ ತಗೊಳ್ಳಿ ಬೇಕಾದ್ರೆ."

ಎರಡು ಆಟೋಗಳಲ್ಲಿ ಬ್ಯಾಗುಗಳನ್ನು ಹೇರಿದ್ದಾಯಿತು. ಮುಂದಿನ ಆಟೋದಲ್ಲಿ ರಾಶಿಯ ನಡುವೆ ಕುತ್ತಿಗೆ ಮಾತ್ರ ಕಾಣುವಂತೆ ಕೂತಿದ್ದ ಅಪ್ಪ, ಮಗಳಿಗೆ ಹೇಳಿದ: "ಬೆಳಗ್ಗೆ ಮೊದಲು ನಿನ್ನ ಸ್ಕೂಲಿಗೆ ಬಿಟ್ಟು, ಆಮೇಲೆ ಬರೆಯೋಕೆ ಕೂತ್ಕೋತೀನಿ."

"ಬೇಡಪ್ಪಾ. ಅಮ್ಮ ಬಿಡ್ತಾಳೆ. ನೀನು ಮನೇಲೇ ಕೂತು ಬರಿ" ಎಂದಳು ಚೂಟಿ. ನೆಟ್ಟಗಿನ ಬೆನ್ನಿನಿಂದಲೇ ಅವನತ್ತ ಇಡಿಯಾಗಿ ತಿರುಗಿ, ದನಿ ತಗ್ಗಿಸಿ ಸೇರಿಸಿದಳು:

"ಬರೆಯೋವಾಗ ಮಾತ್ರ ಅಳ್ಬೇಡ. ಎಲ್ಲರಿಗೂ ಪ್ರಾಮಿಸ್ ಮಾಡಿದ್ದೀನಿ, ನಮ್ಮಪ್ಪ ಅಳಲ್ಲ ಅಂತ."