ಮಾಮಾನ ಮೂರು ನಂಬರ್ ಬ್ರೌಸರ್

ಹೊಸದೆಂದರೆ ನಮ್ಮ ಮಾಮಾಗೆ ಆಗಿಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸದು ಅವರಿಗೆ ಬಹಳ ಇಷ್ಟ; ಆದರೆ ಅದು ಮೊದಲು ಪಕ್ಕದವರ ಹೊಲದಲ್ಲಿ ಬೆಳೆಯಬೇಕು, ಅಷ್ಟೇ!

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಐನಾಪುರದಲ್ಲಿ ಕಬ್ಬು, ದ್ರಾಕ್ಷಿ ಬೆಳೆಯುವ ಮನುಷ್ಯ. ನಮ್ಮ ಕಡೆ ಕಬ್ಬಿಗೆ ಹೆಸರಿಗಿಂತ ನಂಬರೇ ಹೆಚ್ಚು. ಹೊಸ ನಂಬರಿನ ಬೀಜ ಬಂದಿತೆಂದರೆ ಊರೆಲ್ಲ ಓಡುತ್ತದೆ. ಮಾಮಾ ಮಾತ್ರ ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತ, ಬಾಜೂದವರ ಕಬ್ಬು ಕಟಾವಾಗುವುದನ್ನೇ ಕಾಯುತ್ತಾರೆ. ಇಳುವರಿ, ರೋಗ, ಮರುವರ್ಷ ಬುಡದಿಂದ ಚಿಗುರುವ ಕೂಳೆ ಎಲ್ಲ ನೋಡಿದ ಮೇಲೆ ತಮ್ಮ ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಹಚ್ಚುತ್ತಾರೆ. ಇದು ತಪ್ಪೇ? ಕಬ್ಬಿನಲ್ಲಿ ಖಂಡಿತ ತಪ್ಪಲ್ಲ. ಆದರೆ ಇದೇ ನೇಮವನ್ನು ಅವರು ಕಂಪ್ಯೂಟರಿನ ಬ್ರೌಸರಿಗೂ ಹಚ್ಚಿಬಿಟ್ಟರು!

ಆ ಕಂಪ್ಯೂಟರನ್ನು ಅವರ ಮನೆಗೆ ತಂದು ಜೋಡಿಸಿದವನು ನಾನೇ. ಆಗ ಅಥಣಿಯಲ್ಲಿ ನಾನೊಂದು ಪುಟ್ಟ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ‘ಸರ್’ ಎಂದು ಕರೆಸಿಕೊಳ್ಳುವ ಚಟ ಹತ್ತಿತ್ತು. ಮಾಮಿ ಮಿರಜ ಕಡೆಯವರು. ಮಧ್ಯಾಹ್ನ ಊಟವಾದ ಮೇಲೆ ಮರಾಠಿ ಅಭಂಗ ಕೇಳಲೇಬೇಕು. ಕಣ್ಣು ಮಂಜಾಗುತ್ತ ಬಂದ ಮೇಲಂತೂ ಅವರಿಗೆ ಉಳಿದ ಸುಖ ಅದೊಂದೇ. ಆ ಅಭಂಗಗಳಿಗಾಗಿಯೇ ಕಂಪ್ಯೂಟರ್ ಬಂದಿತ್ತು. ಮನೆಯ ಚಿತ್ರವಿರುವ ಗುಂಡಿ ಒತ್ತಿದರೆ ನೇರ ಅಭಂಗದ ಪುಟವೇ ತೆರೆದು ಹಾಡು ಶುರುವಾಗುವಂತೆ ನಾನೇ ಮಾಡಿಕೊಟ್ಟಿದ್ದೆ. ಅದರಲ್ಲಿದ್ದದ್ದು ಬ್ರೌಸರಿನ ಮೂರನೇ ಆವೃತ್ತಿ. ಮಾಮಾನ ಬಾಯಲ್ಲಿ ‘ಮೂರು ನಂಬರ್’.

ನಾಲ್ಕು ಬಂದ ದಿನವೇ ನಾನು ಫೋನ್ ಮಾಡಿದೆ.

“ಮಾಮಾ, ನಾಲ್ಕು ಬಂದೈತ್ರಿ! ಬಂದು ಹಾಕಿ ಕೊಡ್ಲೇನ್ರಿ?”

“ನೀ ಹಾಕೀಯೇನು?”

“ಹೌದ್ರಿ, ಮುಂಜಾನೇನ ಹಾಕೀನಿ.”

“ಹಂಗಾರ ನಿನ್ನ ಹೊಲದಾಗ ಒಂದ ಹಂಗಾಮ ನೋಡೂಣು, ತಡಿ.”

ಕಾದೆ. ಆದರೆ ಹಂಗಾಮು ಮುಗಿಯಲು ಆ ಬ್ರೌಸರಿನವರು ಬಿಡಬೇಕಲ್ಲ! ಮೊದಲೆಲ್ಲ ಒಂದು ನಂಬರು ವರ್ಷಗಟ್ಟಲೆ ಬಾಳುತ್ತಿತ್ತು. ಈಗ ಅವರಿಗೆ ಅದೇನು ಅವಸರ ಬಂದಿತೋ, ಐದು, ಆರು, ಏಳು ಎಂದು ಒಂದರ ಬೆನ್ನಿಗೊಂದು ಹೊರಬಿಡತೊಡಗಿದರು.

“ಐದಾ? ಲೇ ಅಳಿಯಾ, ನಾಲ್ಕು ಇನ್ನ ಗಣಿಕಿನೂ ಬಿಟ್ಟಿಲ್ಲ. ಮಳಕಿ ಒಡ್ಯೂದ್ರಾಗ ಕಡದ ಹಾಕ್ತಾರೇನು?”

“ಅದು ಕಬ್ಬಲ್ರಿ, ಮಾಮಾ.”

“ಕಬ್ಬ ಆಗಿದ್ರ ರಸಾ ಆದ್ರೂ ಬರ್ತಿತ್ತು!”

ಒಮ್ಮೆ ಊರ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ನನ್ನನ್ನು ಕೂರಿಸಿಕೊಂಡು ಕೇಳಿದರು: “ಇವರ ಮುಂದ ಹೇಳು. ಆರಕ್ಕ ಏಳಕ್ಕ ಏನ ಫರಕ್ ಐತಿ?”

ನಾನು ಗಂಟಲು ಸರಿಮಾಡಿಕೊಂಡೆ. ಯೋಚಿಸಿದೆ. ತಲೆ ಕೆರೆದುಕೊಂಡೆ. ಎರಡನ್ನೂ ಬಳಸಿದವನು ನಾನು, ಕಲಿಸುವವನೂ ನಾನು! ಕೊನೆಗೆ, “ಒಂದ ನಂಬರ್ ಹೆಚ್ಚ ಐತ್ರಿ” ಎಂದೆ. ಕಟ್ಟೆಯ ಮೇಲಿದ್ದ ಒಬ್ಬರು ನಕ್ಕ ರಭಸಕ್ಕೆ ಎಲೆ ಅಡಿಕೆ ನೆತ್ತಿಗೆ ಹತ್ತಿತು.

ಕ್ಲಾಸಿನಲ್ಲಾದರೂ ಮಾನ ಉಳಿಯಿತೇ? ಒಂದು ಬೆಳಿಗ್ಗೆ ವಿದ್ಯಾರ್ಥಿಗಳ ಕಡೆ ಮುಖ ಮಾಡಿ, “ಎಡಗಡೆ ಮೇಲೆ ಮೆನು ಕಾಣ್ತದಲ್ಲ...” ಎಂದು ಗತ್ತಿನಿಂದ ಕೋಲು ತೋರಿಸಿದೆ. ಯಾರೂ ತಲೆಯಾಡಿಸಲಿಲ್ಲ. ತಿರುಗಿ ನೋಡಿದರೆ ಮೆನುವೇ ಇಲ್ಲ! ಬ್ರೌಸರು ನನಗೆ ಒಂದು ಮಾತೂ ಹೇಳದೆ ತನ್ನಷ್ಟಕ್ಕೆ ಹೊಸ ನಂಬರಾಗಿ ಕುಳಿತಿತ್ತು.

“ಸರ್, ಮೊನ್ನೆ ಕಲಿಸಿದ್ದು ಇವತ್ತ ಮರೀಬೇಕೇನ್ರಿ?” ಎಂದಳು ಮುಂದೆ ಕುಳಿತವಳು.

“ಹೌದು, ಮರೀರಿ” ಎಂದೆ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಇಷ್ಟಾದರೂ ಮುಂದಿನ ನಂಬರು ಬಂದಾಗ ಮೊದಲು ಹಾಕಿಕೊಂಡವನು ನಾನೇ, ಮಾಮಾನನ್ನು ‘ಹಳೇ ಕಾಲದ ಮನುಷ್ಯ’ ಎಂದು ಆಡಿಕೊಂಡವನೂ ನಾನೇ.

ಕೊನೆಗೊಂದು ದಿನ ಅಭಂಗದ ಪುಟವೇ ‘ನಿಮ್ಮ ಬ್ರೌಸರ್ ಹಳೆಯದು’ ಎಂದು ಬರೆದು ತೋರಿಸಿ ಬಾಯಿ ಮುಚ್ಚಿಕೊಂಡಿತು. ಮಾಮಾ ತಾವಾಗಿಯೇ ಫೋನ್ ಮಾಡಿದರು. ಗೆದ್ದೆನಲ್ಲ! ಮೋಟರ್‌ಸೈಕಲ್ ಏರಿ ಅಥಣಿಯಿಂದ ಹೊರಟವನು ಎಲ್ಲಿಯೂ ಚಹಕ್ಕೂ ನಿಲ್ಲಲಿಲ್ಲ.

“ಸೋತ್ರಿಲ್ಲೋ, ಮಾಮಾ?”

“ಸೋತೆನಪಾ. ಖರೇ, ಒಂದ ಮಾತು. ಆ ಮನಿ ಚಿತ್ರದ ಗುಂಡಿ ಈಗಿದ್ದ ಜಾಗಾದಾಗs ಇರಬೇಕು.”

“ಹೊಸಾದ್ರಾಗ ಅದು ಬಲಕ್ಕ ಹೋಗೇತ್ರಿ. ಛಂದ ಕಾಣ್ತೈತಿ.”

ಮಾಮಾ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. “ನಿಮ್ಮ ಮಾಮಿಗೆ ಕಾಣೂದಿಲ್ಲೋ. ಬಾಣಾನ ಎಡಕ್ಕ ಮ್ಯಾಲಿನ ಮೂಲಿತನಕ ತಳ್ಳಿ, ಚೂರ ಕೆಳಗ ಇಳಿಸಿ ಒತ್ತಿದ್ರ ಹಾಡ ಬರ್ತಾವು. ಇಷ್ಟ ಕಲ್ಯಾಕ ಆಕಿಗೆ ಒಂದ ಬ್ಯಾಸಗಿ ಹಿಡೀತು. ನಾನs ಕೈ ಹಿಡದ ಕಲಿಸೀನಿ. ಯಾರನ್ನೂ ಕರೀದs ತಾನs ಹಚ್ಕೋತಾಳಲ್ಲ, ಆಕಿಗೆ ಎಷ್ಟ ಖುಷಿ ಗೊತ್ತೈತೇನು? ಜಾಗಾ ಬದಲಾದ್ರ ಮತ್ತ ನನ್ನ ಕರೀಬೇಕು. ಆಕಿ ಕರ್ಯಾಂಗಿಲ್ಲ. ಸುಮ್ನ ಕುಂತ ಬಿಡ್ತಾಳ.”

ಹಾಡು ಹಚ್ಚಿಕೊಡುವವರು ಮಾಮಾ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ನಾನು ಆಡಿಕೊಳ್ಳುತ್ತಿದ್ದ ಕಬ್ಬಿನ ನೇಮದ ಹಿಂದೆ ಅವರು ಮಾಮಿಯ ಒಂದು ಗುಂಡಿಯನ್ನು ಕಾಯುತ್ತ ಕುಳಿತಿದ್ದರು.

ಮಾಮಾ ಪರದೆಯ ಗಾಜಿನ ಮೇಲೆ ಆ ಜಾಗಕ್ಕೆ ಬೆರಳಿಟ್ಟರು. ಹೊಸ ಬ್ರೌಸರ್ ಇಳಿದು, ಕೂತು, ತೆರೆದುಕೊಳ್ಳುವ ತನಕ ತೆಗೆಯಲೇ ಇಲ್ಲ. ಕೈ ಸೋತಾಗ ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡರು. ನಾನು ಮರೆಯಾದ ಮೆನುವನ್ನು ಮರಳಿ ತಂದೆ, ಬೇಡದ್ದನ್ನೆಲ್ಲ ಸರಿಸಿದೆ, ಮನೆಯ ಚಿತ್ರವನ್ನು ಬಲಗಡೆಯಿಂದ ಎಳೆದು ತಂದು ಅವರ ಬೆರಳಿನ ಕೆಳಗೆ ನಿಲ್ಲಿಸಿದೆ.

ಮಾಮಿ ಸೆರಗಿಗೆ ಕೈ ಒರೆಸುತ್ತ ಬಂದು ಕುರ್ಚಿ ತಡವಿ ಕುಳಿತರು. ಬಾಣ ಮೂಲೆಗೆ ಹೋಯಿತು, ಚೂರು ಕೆಳಗಿಳಿಯಿತು, ಒತ್ತಿದರು. ಅಭಂಗ ಶುರುವಾಯಿತು.

ತಾಳಕ್ಕೆ ತಲೆಯಾಡಿಸುತ್ತ ಮಾಮಿ ನನ್ನನ್ನು ಕೇಳಿದರು: “ಬಾಳಾ, ಹೊಸಾದ ಹಾಕಾಕ ಬಂದೀಯಲ್ಲಾ, ಯಾವಾಗ ಹಾಕಾಂವ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ನನ್ನ ಕಾಲು ಮೆಟ್ಟಿದರು. “ಹಾಕ್ತಾನ ತಗೋ. ನೀ ಹಾಡ ಕೇಳು.”

ನಮ್ಮಿಬ್ಬರ ಕಣ್ಣೂ ತುಂಬಿದ್ದವು. ಒರೆಸಿಕೊಳ್ಳಲು ನಾವು ಅವಸರ ಮಾಡಲಿಲ್ಲ, ಮಾಮಿಗೆ ಕಾಣುತ್ತಿರಲಿಲ್ಲ.